ಕ್ಯಾಂಪಿನಿಂದ ಪಂಚಾಯಿತಿಗೆ ಎಷ್ಟು ದೂರ?



2023ರ ಏಪ್ರಿಲ್ ತಿಂಗಳಲ್ಲಿ ಸುಡಾನ್ ದೇಶದಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ನಾಡಿನ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಿ ನಾಲ್ಕು ಕಾಸು ಸಂಪಾದಿಸಲು ಸಮುದ್ರ ದಾಟಿ ಹೋಗಿದ್ದವರು ಅವರು. ಶಿವಮೊಗ್ಗದ ಮಗ್ಗುಲಿನ ಸದಾಶಿವಪುರದ ಹಕ್ಕಿಪಿಕ್ಕಿ ಕ್ಯಾಂಪಿನ ಹೆಸರನ್ನು ಅನೇಕರು ಮೊದಲ ಬಾರಿಗೆ ಕೇಳಿದ್ದು ಆ ದಿನಗಳಲ್ಲೇ ಇರಬೇಕು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು 31 ಜನ ಹಕ್ಕಿಪಿಕ್ಕಿಗಳ ವಿಷಯ ಎತ್ತಿದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಉತ್ತರ ಕೊಟ್ಟರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ 'ಆಪರೇಷನ್ ಕಾವೇರಿ' ಕಾರ್ಯಾಚರಣೆಯಲ್ಲಿ ಅವರು ಉಳಿದ ಭಾರತೀಯರ ಜೊತೆ ಊರು ಸೇರಿದರು.

ದೂರದ ಯುದ್ಧಭೂಮಿಯಿಂದ ಆಡಿದ ಮಾತು ಕೆಲವೇ ದಿನಗಳಲ್ಲಿ ದೆಹಲಿ ಮುಟ್ಟಿತು. ಆದರೆ ಕ್ಯಾಂಪಿನ ನಲ್ಲಿ, ಚರಂಡಿ, ಮನೆಯ ಹಕ್ಕುಪತ್ರ, ಮಗುವಿನ ಜಾತಿ ಪ್ರಮಾಣಪತ್ರ, ಇವುಗಳ ಮಾತು ತನ್ನದೇ ಗ್ರಾಮ ಪಂಚಾಯಿತಿಯ ಮೇಜು ಮುಟ್ಟಲು ಎಷ್ಟು ದಿನ ಬೇಕು? ಈ ಸಂಚಿಕೆಯಲ್ಲಿ ನಾವು ಕೇಳಬೇಕೆಂದಿರುವ ಪ್ರಶ್ನೆ ಇದು. ಕಷ್ಟಕಾಲದಲ್ಲಿ ಕೂಗಿದರೆ ಲೋಕ ಕಿವಿಗೊಡುತ್ತದೆ. ದಿನನಿತ್ಯದ ಮಾತನ್ನು ಕೇಳಿಸಿಕೊಳ್ಳುವವರು ಯಾರು? ಅದನ್ನು ಹೊತ್ತು ತರುವವರು ಯಾರು?

ಹಕ್ಕಿಪಿಕ್ಕಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು. ಮನೆಯಲ್ಲಿ ಆಡುವುದು ವಾಗ್ರಿ ನುಡಿ. ಅದು ಗುಜರಾತಿಗೆ ಹತ್ತಿರದ್ದು. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಅವರ ಹಳೆಯ ಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಕಾಡಿನ ಹಕ್ಕಿ ಉಳಿಯಬೇಕೆಂಬುದು ಸರಿಯೇ. ಆದರೆ ಕಸುಬು ಕಿತ್ತುಕೊಂಡ ಕೈಯೇ ಬದಲಿ ಬದುಕನ್ನು ಕೊಡಲಿಲ್ಲ. ಅವರೇ ದಾರಿ ಹುಡುಕಿಕೊಂಡರು: ಪ್ಲಾಸ್ಟಿಕ್ ಹೂವು, ಮಣಿಸರ, ತಲೆಗೂದಲಿನ ಎಣ್ಣೆ, ಜಾತ್ರೆ, ಸಂತೆ, ಕೊನೆಗೆ ಆಫ್ರಿಕಾ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 12 ಸಾವಿರ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ, ನಮ್ಮ ಸದಾಶಿವಪುರ, ಹೀಗೆ ಅಲ್ಲಲ್ಲಿ ಚದುರಿ ನೆಲೆಸಿದ ಜನ.

ಶಂಕರಘಟ್ಟದಿಂದ ಭದ್ರಾವತಿ, ಶಿವಮೊಗ್ಗದವರೆಗಿನ ನಮ್ಮ ಸೀಮೆಯಲ್ಲಿ ಇವರಷ್ಟೇ ಅಲ್ಲ, ಲಂಬಾಣಿ ತಾಂಡಾಗಳೂ ಹತ್ತಾರಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ನೆಲೆ. ನಮ್ಮ ಬಾಗಿಲಿಗೆ ಹತ್ತಿರದ ಊರು. ಲಂಬಾಣಿಗಳ ಸಂಖ್ಯೆ ದೊಡ್ಡದು, ಸಂಘಟನೆಯೂ ಬಲವಾದದ್ದು. ಶಿವಮೊಗ್ಗ ಗ್ರಾಮಾಂತರ ಮೀಸಲು ಕ್ಷೇತ್ರದಿಂದ 2018ರಲ್ಲಿ ಕೆ.ಬಿ. ಅಶೋಕ್ ನಾಯ್ಕ, 2023ರಲ್ಲಿ ಶಾರದಾ ಪೂರ್ಯಾನಾಯ್ಕ ಗೆದ್ದರು. ಆದರೂ ಸುಗ್ಗಿ ಮುಗಿದೊಡನೆ ತಾಂಡಾದ ಸಂಸಾರಗಳು ಮಲೆನಾಡಿನ ಕಾಫಿ ತೋಟಕ್ಕೂ ಕಬ್ಬಿನ ಸೀಮೆಗೂ ಗುಳೆ ಹೋಗುವುದು ನಿಂತಿಲ್ಲ. ಸಂಖ್ಯೆಯಿರುವ ಸಮುದಾಯದ ಪಾಡೇ ಹೀಗಿರುವಾಗ ಹನ್ನೆರಡು ಸಾವಿರ ಜನ ಯಾವ ಕ್ಷೇತ್ರದ ಸೋಲು ಗೆಲುವನ್ನು ನಿರ್ಧರಿಸಬಲ್ಲರು?

ಈ ಪ್ರಶ್ನೆ ನಮ್ಮ ನಾಡಿನದು ಮಾತ್ರ ಅಲ್ಲ. ಯುರೋಪಿನಲ್ಲಿ ರೋಮಾ ಅಥವಾ ರೋಮಾನಿ ಎಂಬ ಜನರಿದ್ದಾರೆ. ಅಂದಾಜು ಒಂದು ಕೋಟಿಗೂ ಹೆಚ್ಚು. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರ ವಂಶ ಅವರದೆಂಬುದಕ್ಕೆ ಅವರ ನುಡಿಯೇ ಸಾಕ್ಷಿ. ನೀರಿಗೆ ಅವರು 'ಪಾನಿ' ಎನ್ನುತ್ತಾರೆ, ಮನುಷ್ಯನಿಗೆ 'ಮನುಷ್', ಮೂಗಿಗೆ 'ನಾಕ್'. 'ಯೆಕ್, ದುಯಿ' ಎಂದು ಎಣಿಸುತ್ತಾರೆ. ನಮ್ಮ ಹಕ್ಕಿಪಿಕ್ಕಿಗಳು, ಲಂಬಾಣಿಗಳು ಅವರ ನೇರ ದಾಯಾದಿಗಳೆಂದು ನಾವು ಹೇಳುತ್ತಿಲ್ಲ. ಅದನ್ನು ಭಾಷಾಶಾಸ್ತ್ರಜ್ಞರು ನೋಡಿಕೊಳ್ಳಲಿ. ಪಾಡು ಮಾತ್ರ ಒಂದೇ ಬಗೆಯದು. ಇಂದಿನ ರೊಮೇನಿಯಾದ ಸೀಮೆಯಲ್ಲಿ 1850ರ ದಶಕದವರೆಗೂ ರೋಮಾಗಳು ಜೀತದಾಳುಗಳಾಗಿ ಮಾರಾಟವಾಗುತ್ತಿದ್ದರು. ಹಿಟ್ಲರನ ಕಾಲದಲ್ಲಿ ಲಕ್ಷಗಟ್ಟಲೆ ಜನ ಕೊಲೆಯಾದರು. ನಮ್ಮಲ್ಲಿ 1871ರ ಬ್ರಿಟಿಷ್ ಕಾಯ್ದೆ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ 'ಅಪರಾಧಿ ಬುಡಕಟ್ಟು' ಎಂದು ಬರೆಯಿತು. ಅದು ಅಳಿದದ್ದು ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ, 1952ರಲ್ಲಿ. ಕಾಯ್ದೆ ಅಳಿಯಿತು. ಊರೊಳಗೆ ಬಂದ ಅಲೆಮಾರಿಯನ್ನು ನೋಡುವ ಕಣ್ಣು ಇನ್ನೂ ಪೂರ್ತಿ ಬದಲಾಗಿಲ್ಲ.

ಯುರೋಪಿನವರು ಈಚೆಗೆ ಒಂದು ದಾರಿ ಹಿಡಿದಿದ್ದಾರೆ. ರೋಮಾ ಕೇರಿಯಿಂದಲೇ ಒಬ್ಬರನ್ನು ಆರಿಸಿ, ತರಬೇತಿ ಕೊಟ್ಟು, ಕೇರಿಗೂ ಸ್ಥಳೀಯ ಆಡಳಿತಕ್ಕೂ ನಡುವೆ ಸಂಯೋಜಕರನ್ನಾಗಿ ನಿಲ್ಲಿಸುವುದು. ರೊಮೇನಿಯಾದಲ್ಲಿ ರೋಮಾ ಹೆಣ್ಣುಮಕ್ಕಳೇ ಆರೋಗ್ಯ ಸಂಯೋಜಕಿಯರಾದರು. 2002ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಅದನ್ನು ಅಧಿಕೃತ ಕೆಲಸವೆಂದು ಒಪ್ಪಿತು. 2011ರಲ್ಲಿ ಯುರೋಪ್ ಮಂಡಳಿ 'ರೋಮೆಡ್' ಹೆಸರಿನಲ್ಲಿ ತರಬೇತಿ ಆರಂಭಿಸಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಸಂಯೋಜಕರನ್ನು ತಯಾರು ಮಾಡಿತು. 2013ರಲ್ಲಿ 'ರೋಮ್ಯಾಕ್ಟ್' ಬಂತು. ಅದರ ಕ್ರಮ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಮೊದಲು ಕೇರಿಯವರೇ ಒಂದು ಗುಂಪು ಕಟ್ಟಿಕೊಂಡು ತಮಗೇನು ಬೇಕೆಂದು ಪಟ್ಟಿ ಮಾಡುತ್ತಾರೆ. ಆ ಪಟ್ಟಿ ಹಿಡಿದು ಪುರಸಭೆಯ ಅಧ್ಯಕ್ಷರ ಎದುರು ಕೂರುತ್ತಾರೆ. ಇಬ್ಬರೂ ಒಪ್ಪಿದ್ದು ಪುರಸಭೆಯ ಅಭಿವೃದ್ಧಿ ಯೋಜನೆಯೊಳಗೆ, ಬಜೆಟ್ಟಿನೊಳಗೆ ಸೇರಬೇಕು.

ಅಲ್ಲಿ ಎಲ್ಲವೂ ಸರಿಹೋಯಿತೆಂದಲ್ಲ. ರೊಮೇನಿಯಾದಲ್ಲಿ 2009ರಲ್ಲಿ ಸಂಯೋಜಕಿಯರ ಕೆಲಸವನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಒಪ್ಪಿಸಿದಾಗ, ಅಧ್ಯಕ್ಷರಿಗೆ ಮನಸ್ಸಿದ್ದ ಕಡೆ ಹುದ್ದೆ ಉಳಿಯಿತು, ಮನಸ್ಸಿಲ್ಲದ ಕಡೆ ಹೋಯಿತು. ಇನ್ನೊಂದು ಅಪಾಯವೂ ಇಂಥ ಕೆಲಸದಲ್ಲಿ ಇದ್ದೇ ಇದೆ. "ಅವರಿಗೆಂದೇ ಒಬ್ಬಾಕೆಯನ್ನು ಇಟ್ಟಿದ್ದೇವಲ್ಲ, ಅವಳನ್ನೇ ಕೇಳಿ" ಎಂದು ಕಚೇರಿ ಕೈ ತೊಳೆದುಕೊಳ್ಳುವುದು ಸುಲಭ. ಬಾಗಿಲು ತೆರೆಯಲೆಂದು ನಿಂತವಳೇ ಬಾಗಿಲಿಗೆ ಅಡ್ಡವಾಗಿಬಿಡುತ್ತಾಳೆ. ಈ ಎರಡು ಪಾಠಗಳನ್ನು ನೆನಪಿಟ್ಟುಕೊಂಡೇ ನಾವು ನಮ್ಮ ಊರಿನ ಮಾತಿಗೆ ಬರಬೇಕು.

ನಮ್ಮಲ್ಲಿ ಕಾಯ್ದೆಗೆ ಕೊರತೆಯಿಲ್ಲ. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪರಿಶಿಷ್ಟರಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಸ್ಥಾನ, ಮಹಿಳೆಯರಿಗೆ ಅರ್ಧದಷ್ಟು. ಆದರೆ ಲೆಕ್ಕ ಹಾಕಿ ನೋಡಿ. ರಾಜ್ಯದ ಪರಿಶಿಷ್ಟ ಪಂಗಡದವರಲ್ಲಿ ಬಹುಪಾಲು ನಾಯಕ ಸಮುದಾಯದವರು. ಪಂಗಡಕ್ಕೆ ಮೀಸಲಾದ ಸ್ಥಾನ ಬಂದರೂ ಅದು ಹಕ್ಕಿಪಿಕ್ಕಿ ಹೆಣ್ಣುಮಗಳಿಗೆ ದಕ್ಕುವುದು ಅವಳ ಕ್ಯಾಂಪು ಆ ವಾರ್ಡಿನಲ್ಲಿ ಎಷ್ಟು ಓಟಿನದು ಎಂಬುದರ ಮೇಲೆ. ಇದರಲ್ಲಿ ನಾಯಕ ಬಂಧುಗಳ ತಪ್ಪಿಲ್ಲ. ಪಟ್ಟಿಯೊಂದರಲ್ಲಿ ಹೆಸರಿದ್ದ ಮಾತ್ರಕ್ಕೆ ಸಣ್ಣ ಸಮುದಾಯದ ದನಿ ಮೇಲೆ ಬರುವುದಿಲ್ಲ ಎಂಬುದಷ್ಟೇ ಮಾತು.

ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಅಲೆಮಾರಿಗಳು ಇದನ್ನೇ ಬೇರೊಂದು ಬಗೆಯಲ್ಲಿ ಅನುಭವಿಸಿದರು. ಉದ್ಯೋಗ ಮತ್ತು ಶಿಕ್ಷಣದ ಒಳಮೀಸಲಾತಿ ಕುರಿತು 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ, 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಪಾಲು ಕೊಡಬೇಕೆಂದು ಹೇಳಿತ್ತು. ಸರ್ಕಾರ 6-6-5ರ ಸೂತ್ರ ಹಿಡಿದು, ಅವರನ್ನು ತಮಗಿಂತ ದೊಡ್ಡ ಸಮುದಾಯಗಳ ಜೊತೆ ಶೇ 5ರ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಊರೂರು ಸುತ್ತುವವರು ಒಂದೇ ಕಡೆ ಕೂತು ಕೇಳಬೇಕಾಗಿ ಬಂತು.

ಕಾಯ್ದೆ ವಾರ್ಡ್ ಸಭೆ, ಗ್ರಾಮಸಭೆಗಳನ್ನು ಕಡ್ಡಾಯ ಮಾಡಿದೆ. ಅಲ್ಲಿ ಮಹಿಳೆಯರೂ ಪರಿಶಿಷ್ಟರೂ ತಕ್ಕ ಪ್ರಮಾಣದಲ್ಲಿ ಇರಬೇಕೆಂದೂ ಹೇಳಿದೆ. ಅರಣ್ಯ ಹಕ್ಕು ಕಾಯ್ದೆ, 2006ರ ಅರ್ಜಿಗಳು ಮೊದಲು ಬರುವುದು ಗ್ರಾಮಸಭೆಗೇ. ಆ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿರುವ ಲಂಬಾಣಿಗಳಿಗೆ ಈ ನಿಯಮ ಅನ್ವಯಿಸುತ್ತದೆ. ಎತ್ತಿನ ಬೆನ್ನ ಮೇಲೆ ದವಸ ಹೇರಿಕೊಂಡು ಊರೂರು ಅಲೆದವರ ಮೊಮ್ಮಕ್ಕಳು 75 ವರ್ಷದ ಕಾಗದ ಎಲ್ಲಿಂದ ತರಬೇಕು? ತರುವ ದಾರಿ ಇದೆ: ಹಿರಿಯರ ಹೇಳಿಕೆ, ಹಳೆಯ ಸಮಾಧಿ, ಬಾವಿ, ಗುಡಿ, ಇವೂ ಸಾಕ್ಷ್ಯವೇ. ಆದರೆ ಇದು ಗೊತ್ತಿದ್ದವರೊಬ್ಬರು ತಾಂಡಾದಲ್ಲಿ ಇರಬೇಕು.

ಆ ಒಬ್ಬರನ್ನೇ ನಾವು ಸಂಯೋಜಕರು ಎನ್ನುತ್ತಿದ್ದೇವೆ. ಅವರ ಕೆಲಸ ಭಾಷಣವಲ್ಲ. ವಾರ್ಡ್ ಸಭೆಯ ದಿನಾಂಕ ಮುಂಚೆಯೇ ತಿಳಿದು, ವ್ಯಾಪಾರಕ್ಕೆ ಹೋದವರು ಮರಳುವ ದಿನ ನೋಡಿ ಬದಲಾಯಿಸಿಸುವುದು. ಮನೆಮನೆಯಲ್ಲಿ ಯಾರಿಗೆ ಪಡಿತರ ಚೀಟಿ ಇಲ್ಲ, ಯಾವ ಮಗುವಿನ ಜನನ ನೋಂದಣಿ ಆಗಿಲ್ಲ, ಯಾರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗಿದೆ ಎಂದು ಪುಸ್ತಕದಲ್ಲಿ ಬರೆದಿಡುವುದು. 'ನಮ್ಮ ಗ್ರಾಮ ನಮ್ಮ ಯೋಜನೆ'ಯ ಪಟ್ಟಿಯಲ್ಲಿ ಕ್ಯಾಂಪಿನ ಕೆಲಸ ಬಂತೇ ಎಂದು ನೋಡುವುದು. ಪಿಡಿಒ ಆಡಿದ ಮಾತನ್ನು ಮನೆಮಾತಿನಲ್ಲಿ ಅಜ್ಜಿಗೆ ತಿಳಿಸುವುದು. ಅಜ್ಜಿ ಆಡಿದ್ದನ್ನು ಕುಗ್ಗಿಸದೆ ಪಿಡಿಒಗೆ ತಿಳಿಸುವುದು.

ಇದಕ್ಕೊಂದು ಮಾದರಿ ನಮ್ಮಲ್ಲೇ ಇದೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಕೂಲಿಕಾರರಿಗೂ ಪಂಚಾಯಿತಿಗೂ ನಡುವೆ ಕೆಲಸ ಮಾಡಲು ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳನ್ನು ನೇಮಿಸಿ 'ಗ್ರಾಮ ಕಾಯಕ ಮಿತ್ರ' ಎಂದು ಹೆಸರಿಟ್ಟಿತು. ಕೂಲಿ ಗುಂಪಿನ ಮುಂದಾಳಿಗೆ 'ಕಾಯಕ ಬಂಧು' ಎಂದಿತು. ಹನ್ನೆರಡನೆಯ ಶತಮಾನದ ಮಾತೊಂದು ಸರ್ಕಾರಿ ಹುದ್ದೆಯ ಹೆಸರಾಯಿತು. ಹೆಸರು ಬಸವಣ್ಣನವರ ಕಾಲದ್ದು. ಕೆಲಸವೂ ಅಷ್ಟೇ ತೂಕದ್ದಾಗಬೇಕು.

ಇಲ್ಲಿ ಕೆಲವು ಓದುಗರು ಕೇಳಬಹುದು: ಇಂಥವರು ನಾಳೆ ದಲ್ಲಾಳಿಗಳಾಗುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದು. ದಲ್ಲಾಳಿ ಈಗಾಗಲೇ ಇದ್ದಾನೆ ಎಂಬುದು ಮೊದಲ ಉತ್ತರ. ತಾಲ್ಲೂಕು ಕಚೇರಿಯ ಮುಂದಿನ ಚಹಾದಂಗಡಿಯಲ್ಲಿ ಕೂತು ಒಂದು ಪ್ರಮಾಣಪತ್ರಕ್ಕೆ ಇಷ್ಟು ಎಂದು ಎಣಿಸಿಕೊಳ್ಳುವವನನ್ನು ಯಾರೂ ನೇಮಿಸಿಲ್ಲ, ಯಾರೂ ಲೆಕ್ಕ ಕೇಳುವುದಿಲ್ಲ. ಸಂಯೋಜಕಿಗೆ ಗೌರವಧನ ಎಲ್ಲರೆದುರು ಗೊತ್ತುಮಾಡಿ, ಅವಳ ಪುಸ್ತಕವನ್ನು ವಾರ್ಡ್ ಸಭೆಯಲ್ಲಿ ಓದಿಸಿ, ಅವಧಿ ಮುಗಿದಾಗ ಕ್ಯಾಂಪಿನವರೇ ಇನ್ನೊಬ್ಬರನ್ನು ಆರಿಸುವಂತೆ ಮಾಡಿದರೆ ದಲ್ಲಾಳಿತನಕ್ಕೆ ಜಾಗ ಕಿರಿದಾಗುತ್ತದೆ. ಬಿಟ್ಟಿ ದುಡಿಸಿಕೊಂಡರೆ ಮಾತ್ರ ಜಾಗ ಹಿಗ್ಗುತ್ತದೆ.

ಈಗ ನಮ್ಮ ಪಾಲಿನ ಮಾತು. ಜಂಗಮ ಎಂಬ ಶಬ್ದದ ಮೂಲಾರ್ಥವೇ ಚಲಿಸುವುದು. ನಿಂತಲ್ಲೇ ನಿಂತದ್ದಕ್ಕಿಂತ ನಡೆಯುವುದಕ್ಕೆ ಹೆಚ್ಚು ಬೆಲೆ ಕೊಟ್ಟ ಪರಂಪರೆ ನಮ್ಮದು. ಅಂಥವರ ಊರಿನಲ್ಲಿ ಅಲೆಮಾರಿ ಎಂಬುದು ಹೀನಾಯದ ಮಾತಾಗಿ ಉಳಿದಿದ್ದರೆ ಕೊರತೆ ಅಲೆಮಾರಿಯದಲ್ಲ. ಅನುಭವ ಮಂಟಪದಲ್ಲಿ ವೇಷ ಹಾಕಿ ಊರೂರು ಆಡುತ್ತಿದ್ದ ಬಹುರೂಪಿ ಚೌಡಯ್ಯನವರಿದ್ದರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿದ್ದರು, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನವರಿದ್ದರು. ಇಂದು ಕೊರಮ, ಕೊರಚ ಬಂಧುಗಳು ಚಂದಯ್ಯನವರನ್ನು ತಮ್ಮ ಹಿರಿಯರೆಂದು ನೆನೆಯುತ್ತಾರೆ. ಈ ಶರಣರ ಪರವಾಗಿ ಬಸವಣ್ಣನವರು ವಚನ ಬರೆದುಕೊಡಲಿಲ್ಲ. ಅವರವರ ಅನುಭವವನ್ನು ಅವರವರೇ, ಅವರವರ ಅಂಕಿತದಲ್ಲೇ ನುಡಿದರು. ಕೂರಲು ಜಾಗ ಕೊಟ್ಟದ್ದು, ನುಡಿದದ್ದನ್ನು ಕೇಳಿದ್ದು, ಬಸವಣ್ಣನವರು ಮಾಡಿದ ದೊಡ್ಡ ಕೆಲಸ.

ಮಠಗಳು ಮಾಡಬೇಕಾದದ್ದೂ ಇಷ್ಟೇ. ಚಿತ್ರದುರ್ಗದಲ್ಲಿ ಮಾದಾರ, ಭೋವಿ, ಬಂಜಾರ, ಮೇದಾರ ಮೊದಲಾದ ಸಮುದಾಯಗಳ ಗುರುಪೀಠಗಳಿವೆ. ಅವುಗಳಿಂದ ಆ ಸಮುದಾಯಗಳಿಗೆ ಆತ್ಮಗೌರವ ಬಂತು, ಮುಖ್ಯಮಂತ್ರಿಯ ಮನೆಬಾಗಿಲಿನವರೆಗೆ ದನಿ ಮುಟ್ಟಿತು. ಆದರೆ ಪೀಠದ ದನಿ ಮೇಲಕ್ಕೆ ಮುಟ್ಟುವಷ್ಟು ಸಲೀಸಾಗಿ ವಾರ್ಡ್ ಸಭೆಗೆ ಇಳಿಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಕೈಯಲ್ಲಿ ಪುಸ್ತಕ ಹಿಡಿದ ಒಬ್ಬ ತಾಯಿ.

ಆದ್ದರಿಂದ ನಮ್ಮ ಓದುಗರ ಮುಂದೆ ಕೆಲವು ಕೆಲಸಗಳನ್ನು ಇಡುತ್ತಿದ್ದೇವೆ. ನಮ್ಮ ಸೀಮೆಯ ಎಷ್ಟೋ ಪಂಚಾಯಿತಿಗಳಲ್ಲಿ ಲಿಂಗಾಯತರು ಸದಸ್ಯರಾಗಿ, ಅಧ್ಯಕ್ಷರಾಗಿ ಕೂತವರಿದ್ದಾರೆ, ಮುಂದೆಯೂ ಕೂರುತ್ತಾರೆ. ಅವರು ಮಾಡಬೇಕಾದ ಮೊದಲ ನಿರ್ಣಯ: ಪ್ರತಿ ಕ್ಯಾಂಪಿಗೆ, ಪ್ರತಿ ತಾಂಡಾಕ್ಕೆ ಅಲ್ಲಿಯವರೇ ಆರಿಸಿದ ಒಬ್ಬ ಸಂಯೋಜಕಿ. ಪರಿಶಿಷ್ಟರ ಏಳಿಗೆಗಾಗಿ ಪಂಚಾಯಿತಿ ತೆಗೆದಿಡಲೇಬೇಕಾದ ಪಾಲು ಇದೆ. ಅವಳ ಗೌರವಧನಕ್ಕೆ ಆ ಹಣವನ್ನು ನಿಯಮದೊಳಗೆ ಹೇಗೆ ಬಳಸಬಹುದೆಂದು ನೋಡಿ, ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಬರೆದಿಟ್ಟದ್ದು ಅಧ್ಯಕ್ಷರು ಬದಲಾದರೂ ಉಳಿಯುತ್ತದೆ. ಎರಡನೆಯದು, ವರ್ಷಕ್ಕೊಮ್ಮೆಯಾದರೂ ಸಭೆ ಕ್ಯಾಂಪಿನಲ್ಲೇ ನಡೆಯಲಿ; ಕುರ್ಚಿ ಅಲ್ಲಿಗೆ ಹೋಗಲಿ.

ಮಠಗಳಿಗೆ ನಮ್ಮ ಬಿನ್ನಹ ಬೇರೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ದಾರಿ ಎಲ್ಲರ ಕಣ್ಣ ಮುಂದಿದೆ. ತಂದೆತಾಯಿ ಗುಳೆ ಹೋದಾಗ, ವ್ಯಾಪಾರಕ್ಕೆ ಹೋದಾಗ ಶಾಲೆ ಬಿಡುವ ಮಕ್ಕಳಿಗೆ ನಮ್ಮ ವಿದ್ಯಾರ್ಥಿನಿಲಯಗಳು ವರ್ಷದ ನಡುವೆಯೂ ಬಾಗಿಲು ತೆರೆಯಲಿ. ಸಂಯೋಜಕಿಯರ ತರಬೇತಿಗೆ ಮಠದ ಪ್ರಾಂಗಣ, ಪ್ರಸಾದ ದೊರೆಯಲಿ. ಪಾಠ ಹೇಳಲು ನಮ್ಮ ಭಕ್ತರಲ್ಲಿರುವ ನಿವೃತ್ತ ಪಿಡಿಒಗಳು, ವಕೀಲರು, ಶಿರಸ್ತೇದಾರರು ಬರಲಿ. ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಸಮಾಜಶಾಸ್ತ್ರ ಓದುವ ಮಕ್ಕಳು ಸಂಯೋಜಕಿಯ ಜೊತೆ ಮನೆಮನೆಗೆ ಹೋಗಿ ಕಾಗದಪತ್ರದ ಪಟ್ಟಿ ಮಾಡಿಕೊಡಲಿ. ಆ ಪಟ್ಟಿ ಪ್ರಬಂಧವಾಗಿ ಕಪಾಟು ಸೇರುವ ಮುನ್ನ ಕ್ಯಾಂಪಿನವರ ಕೈ ಸೇರಬೇಕು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಸೇವೆಗೆ ಪ್ರತಿಯಾಗಿ ನಾವು ಏನನ್ನೂ ಬಯಸಬಾರದು. ದೀಕ್ಷೆಯ ಮಾತು ಬೇಡ, ಶಾಲು ಹೊದಿಸಿದ ಫೋಟೊ ಬೇಡ, ಚುನಾವಣೆಯ ಹೊತ್ತಿಗೆ "ನಾವು ಹೇಳಿದವರಿಗೆ" ಎಂಬ ಸೂಚನೆಯಂತೂ ಬೇಡವೇ ಬೇಡ. ಹಕ್ಕಿಪಿಕ್ಕಿಗಳಿಗೆ ಅವರ ದೇವರಿದ್ದಾರೆ, ಲಂಬಾಣಿಗಳಿಗೆ ಸೇವಾಲಾಲರಿದ್ದಾರೆ. ಅವರು ನಮ್ಮವರಾಗಲು ನಮ್ಮಂತೆ ಆಗಬೇಕಿಲ್ಲ. ಸಂಯೋಜಕಿಯು ಒಂದು ದಿನ ನಮ್ಮದೇ ಭಕ್ತನ ಒತ್ತುವರಿಯ ವಿರುದ್ಧ ಗ್ರಾಮಸಭೆಯಲ್ಲಿ ಎದ್ದು ನಿಂತಾಳು. ಆಗಲೂ ಅವಳ ಮಾತನ್ನು ಕೊನೆಯವರೆಗೆ ಕೇಳಿದರೆ, ನಾವು ಕೊಟ್ಟದ್ದು ಆಸರೆ. ಬಾಯಿ ಮುಚ್ಚಿಸಿದರೆ, ಅದು ಹಳೆಯ ಯಜಮಾನಿಕೆಗೆ ಹೊಸ ಹೆಸರು.

ಈ ಸಂಚಿಕೆ ಕೈಸೇರಿದ ಮೇಲೆ ಪ್ರತಿ ಊರಿನ ಬಸವ ಬಳಗದವರು ಒಂದು ಕೆಲಸ ಮಾಡಿ. ಮುಂದಿನ ವಾರ್ಡ್ ಸಭೆಯ ದಿನಾಂಕ ಕೇಳಿ ತಿಳಿದು, ನಿಮಗೆ ಹತ್ತಿರದ ಕ್ಯಾಂಪಿಗೆ, ತಾಂಡಾಕ್ಕೆ ಹೋಗಿ ತಿಳಿಸಿ. ಸಭೆಯ ದಿನ ಅವರು ಬಂದಾಗ ಮುಂದಿನ ಸಾಲಿನ ಜಾಗ ಬಿಟ್ಟುಕೊಡಿ. ಮಾತು ಅವರು ಆಡುತ್ತಾರೆ.